ಚಿರತೆ ಬೋನಿಗೆ ಬಿತ್ತು ಸರಿ, ಮಕ್ಕಳ ಭಯ ನೋಡೋರು ಯಾರು?

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಮ್ಮ ಹೋಬಳಿಯ ತೆಂಗಿನ ತೋಟದಲ್ಲಿ ಇಟ್ಟಿದ್ದ ಬೋನಿಗೆ ಚಿರತೆ ಬಿದ್ದ ಸುದ್ದಿ ಬಂದಿತ್ತು, ದೊಡ್ಡ ಫೋಟೋ ಸಮೇತ, ಕೊನೇ ಸಾಲು ‘ಗ್ರಾಮಸ್ಥರು ನಿಟ್ಟುಸಿರು ಬಿಟ್ಟಿದ್ದಾರೆ’ ಅಂತ. ಆ ಊರಿನ ಮಕ್ಕಳು ಬರೋ ಸರ್ಕಾರಿ ಹೈಸ್ಕೂಲಲ್ಲಿ ನಾನು ವಿಜ್ಞಾನ ಪಾಠ ಮಾಡ್ತೀನಿ. ನಿಟ್ಟುಸಿರು ಬಿಟ್ಟಿರೋದು ನಿಜ, ಬೋನು ಗಾಡಿಗೆ ಏರಿಸುವಾಗ ಜನ ಶಿಳ್ಳೆ ಹೊಡೆದ ವಿಡಿಯೋ ಎಲ್ಲರ ಮೊಬೈಲಲ್ಲೂ ಬಂತು. ಆದ್ರೆ ಮಾರನೇ ದಿನ ಕ್ಲಾಸಿಗೆ ಬಂದ ಮಕ್ಕಳ ಮುಖ ನೋಡಿದ್ರೆ ಆ ಸಾಲು ಬರೆಯೋಕೆ ಯಾರಿಗೂ ಮನಸ್ಸು ಬರ್ತಿರಲಿಲ್ಲ. ಸಂಜೆ ಸ್ಪೆಷಲ್ ಕ್ಲಾಸ್ ಬೇಡ ಮಿಸ್ ಅಂತ ಕೇಳೋರು, ಬಸ್ ಇಳಿದು ಊರೊಳಗೆ ನಡೆಯೋ ದಾರಿಗೆ ಅಪ್ಪನೋ ಅಣ್ಣನೋ ಬರೋವರೆಗೂ ಸ್ಟಾಪಲ್ಲೇ ನಿಲ್ಲೋರು, ರಾತ್ರಿ ಬಚ್ಚಲಿಗೆ ಹೋಗೋಕೆ ಭಯ ಅಂತ ಸಂಜೆಯಿಂದ ನೀರೇ ಕುಡಿಯದ ಹೆಣ್ಣುಮಕ್ಕಳು, ಇವರೆಲ್ಲ ನಮ್ಮ ಸ್ಕೂಲಲ್ಲಿ ಇದ್ದಾರೆ. ಇದರ ಬಗ್ಗೆ ಒಂದು ಸಾಲೂ ಎಲ್ಲೂ ಬರಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಆದಷ್ಟೂ ಕತ್ತರಿಸದೆ ಹಾಕಿ ಅಂತ ಕೇಳ್ಕೋತೀನಿ.

ನಮ್ಮ ಕಡೆ ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2019ರ ಕೊನೆ 2020ರ ಶುರುವಲ್ಲಿ ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳ ಗಡಿ ಸೇರೋ ಹಳ್ಳಿಗಳಲ್ಲಿ ಚಿರತೆ ಎರಗಿ ವಯಸ್ಸಾದವರು ಸತ್ತರು, ಚಿಕ್ಕ ಮಕ್ಕಳೂ ಸತ್ತರು. ಈಗ ಹೈಸ್ಕೂಲಲ್ಲಿರೋ ಮಕ್ಕಳು ಆಗ ಇನ್ನೂ ಚಿಕ್ಕೋರು. ಅವರಲ್ಲಿ ಎಷ್ಟೋ ಜನ ಚಿರತೆಯನ್ನ ಕಣ್ಣಾರೆ ನೋಡೇ ಇಲ್ಲ, ಆದ್ರೆ ಅಮ್ಮಂದಿರು ಬಾಗಿಲು ಹಾಕ್ಕೊಂಡು ಎದೆಗೆ ಅವುಚಿಕೊಂಡು ಕೂತಿದ್ದ ಆ ಸಂಜೆಗಳಲ್ಲೇ ಬೆಳೆದರು. ದೊಡ್ಡವರು ‘ಅಷ್ಟು ಚಿಕ್ಕೋರಿಗೆ ಏನ್ ಗೊತ್ತಾಗ್ತಿತ್ತು’ ಅಂತಾರೆ. ಗೊತ್ತಾಗುತ್ತೆ, ಮಾತಲ್ಲಿ ಹೇಳೋಕೆ ಬರದೇ ಇದ್ರೂ ಗೊತ್ತಾಗುತ್ತೆ, ಮೆದುಳಲ್ಲಿ ಭಯ ಕೂರೋಕೆ ಮಾತು ಬೇಕಾಗಿಲ್ಲ.

ನಮ್ಮ ಸ್ಕೂಲಿನ ಒಂದು ಹುಡುಗಿ ವಿಷಯ ಹೇಳ್ತೀನಿ, ಊರು ಹೆಸರು ಬೇಡ. ಹೋದ ವರ್ಷ ಅವಳು ಎಂಟನೇ ಕ್ಲಾಸು. ಒಂದು ರಾತ್ರಿ ಕರೆಂಟ್ ಹೋಗಿದ್ದಾಗ ಅವರ ಕೊಟ್ಟಿಗೆಗೆ ಚಿರತೆ ನುಗ್ಗಿ ಮೇಕೆ ಮರಿ ಎಳೆದುಕೊಂಡು ಹೋಯ್ತು, ಹೋಗುವಾಗ ಕೊಟ್ಟಿಗೆಗೆ ಮರೆ ಕಟ್ಟಿದ್ದ ತಗಡಿನ ಶೀಟು ದಢಾರ್ ಅಂತ ಬಿತ್ತು. ಇವಳು ಬಾಗಿಲ ಸಂದಿಯಲ್ಲಿ ನಿಂತಿದ್ದಳು, ಕಂಡಿದ್ದು ಏನೂ ಇಲ್ಲ, ಬರೀ ಸದ್ದು. ಅದಾದ ಮೇಲೆ ಒಂದು ವಾರ ಎಲ್ಲಾ ಮೊದಲಿನ ಹಾಗೇ ಇತ್ತು, ಕ್ಲಾಸಲ್ಲಿ ಕಥೆ ಥರ ಹೇಳಿಕೊಂಡು ನಕ್ಕಿದ್ದೂ ಉಂಟು. ಆಮೇಲೆ ಒಂದು ಮಧ್ಯಾಹ್ನ, ಗಾಳಿ ಜೋರಾಗಿ ಬೀಸಿ ಬಿಸಿಯೂಟದ ಕೋಣೆ ಪಕ್ಕದ ಸೈಕಲ್ ಸ್ಟ್ಯಾಂಡಿನ ಶೀಟು ಬಡಿದುಕೊಂಡಿತು. ನಾನು ಬೋರ್ಡ್ ಕಡೆಯಿಂದ ತಿರುಗಿ ನೋಡಿದ್ರೆ ಈ ಹುಡುಗಿ ಪೆನ್ನು ಹಿಡಿದ ಹಾಗೇ ಕಲ್ಲಾಗಿ ಕೂತಿದ್ದಾಳೆ, ಕಣ್ಣು ಮಿಟುಕಿಸ್ತಿಲ್ಲ, ತುಟಿ ಬೆಳ್ಳಗಾಗಿದೆ, ಕೈ ಮುಟ್ಟಿದ್ರೆ ಐಸ್. ಪಕ್ಕದ ಹುಡುಗಿ ‘ಮಿಸ್, ಇವಳು ಬೆಚ್ಚಿದ್ದಾಳೆ’ ಅಂದಳು. ಹಗಲು ಹೊತ್ತು, ನಲವತ್ತು ಮಕ್ಕಳ ನಡುವೆ, ಗೋಡೆ ಇರೋ ಕ್ಲಾಸ್ ರೂಮು, ಇಲ್ಲಿ ಚಿರತೆ ಬರಲ್ಲ ಅಂತ ಅವಳಿಗೂ ಚೆನ್ನಾಗಿ ಗೊತ್ತು, ಆದ್ರೂ ಮೈ ಕೇಳಲಿಲ್ಲ.

ಮೈ ಯಾಕೆ ಕೇಳಲ್ಲ ಅನ್ನೋದನ್ನ ವಿಜ್ಞಾನ ಎಷ್ಟೋ ವರ್ಷದಿಂದ ಹುಡುಕಿದೆ. 1920ರಲ್ಲಿ ಅಮೆರಿಕದಲ್ಲಿ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಅನ್ನೋರು ಒಂದು ಎಳೇ ಮಗುವಿಗೆ ಬಿಳಿ ಇಲಿ ತೋರಿಸಿ, ಮಗು ಮುಟ್ಟೋಕೆ ಹೋದಾಗೆಲ್ಲ ಹಿಂದಿನಿಂದ ಕಬ್ಬಿಣದ ಸಲಾಕೆಗೆ ಸುತ್ತಿಗೆಯಿಂದ ಹೊಡೆದರು. ಕೊನೆಗೆ ಇಲಿ ಕಂಡ್ರೇ ಅಳು, ಮೊಲ ಕಂಡ್ರೂ ಅಳು, ತುಪ್ಪಳದ ಕೋಟು ಕಂಡ್ರೂ ಅಳು. ಇವತ್ತು ಯಾವ ದೇಶದಲ್ಲೂ ಅಂಥಾ ಪ್ರಯೋಗಕ್ಕೆ ಒಪ್ಪಿಗೆ ಸಿಗಲ್ಲ, ಸಿಗಲೂಬಾರದು, ಆ ಮಗುವಿನ ಭಯ ಬಿಡಿಸೋ ಕೆಲಸ ಕೂಡ ಮಾಡದೇ ಕಳಿಸಿದರು ಅನ್ನೋದು ಓದಿದಾಗ ನನಗೆ ಹೊಟ್ಟೆ ಉರೀತದೆ. ಆದ್ರೆ ಅದರಿಂದ ಒಂದು ವಿಷಯ ಸ್ಪಷ್ಟ ಆಯ್ತು, ತಾನಾಗಿ ಏನೂ ಅಲ್ಲದ ವಸ್ತು, ಏನೂ ಅಲ್ಲದ ಸದ್ದು, ಭಯಂಕರವಾದ ಇನ್ನೊಂದರ ಜೊತೆ ಒಟ್ಟಿಗೆ ಬಂದುಬಿಟ್ರೆ ಆಮೇಲೆ ಅದೊಂದೇ ಸಾಕು. ನಮ್ಮ ಹುಡುಗಿಗೆ ತಗಡಿನ ಸದ್ದು ಹಾಗೇ ಆಯ್ತು.

ಇದು ನಡೆಯೋ ಜಾಗ ಮೆದುಳಿನ ಒಳಗೆ, ಎರಡೂ ಕಿವಿಯ ನೇರಕ್ಕೆ ಆಳದಲ್ಲಿರೋ ಅಮಿಗ್ಡಲಾ, ಬಾದಾಮಿ ಆಕಾರ, ಗಾತ್ರವೂ ಹೆಚ್ಚುಕಮ್ಮಿ ಅಷ್ಟೇ. ನ್ಯೂಯಾರ್ಕಿನ ಜೋಸೆಫ್ ಲೆಡೂ ಅನ್ನೋ ವಿಜ್ಞಾನಿ ಇಲಿಗಳಲ್ಲಿ ಈ ದಾರಿಯನ್ನ ಒಂದೊಂದೇ ತಂತು ಹಿಡಿದು ಹುಡುಕಿದರು. ಕಿವಿಗೆ ಬಿದ್ದ ಸದ್ದು ಮೆದುಳಿನ ನಡುವೆ ಇರೋ ಥಲಾಮಸ್‌ಗೆ ಬರುತ್ತೆ, ಅಲ್ಲಿಂದ ಎರಡು ದಾರಿ. ಒಂದು ಮೆದುಳಿನ ಮೇಲಿನ ಪದರವಾದ ಕಾರ್ಟೆಕ್ಸ್‌ಗೆ ಹೋಗಿ ಇದು ಸೈಕಲ್ ಸ್ಟ್ಯಾಂಡಿನ ಸದ್ದು, ಗಾಳಿಗೆ ಬಡಿದದ್ದು ಅಂತ ವಿಚಾರಣೆ ಮಾಡಿಕೊಂಡು ನಿಧಾನಕ್ಕೆ ಬರೋದು. ಇನ್ನೊಂದು ಯಾವ ವಿಚಾರಣೆನೂ ಇಲ್ಲದೆ ನೇರ ಅಮಿಗ್ಡಲಾಗೆ. ಈ ನೇರ ದಾರಿ ಬೇಗ ತಲುಪುತ್ತೆ, ಸೆಕೆಂಡಿನ ಚಿಕ್ಕ ಚೂರಿನಷ್ಟು ಬೇಗ, ಮನಸ್ಸಿಗೆ ಸದ್ದು ಏನು ಅಂತ ಗೊತ್ತಾಗೋ ಹೊತ್ತಿಗೆ ಎದೆ ಬಡಿತ ಏರಿರುತ್ತೆ, ಅಡ್ರಿನಲಿನ್ ಅನ್ನೋ ಹಾರ್ಮೋನು ಸುರಿದಿರುತ್ತೆ, ಕಾಲು ಮರಗಟ್ಟಿರುತ್ತೆ. ಹಾಗೆ ಮರಗಟ್ಟೋದೂ ಹೇಡಿತನ ಅಲ್ಲ, ಅಮಿಗ್ಡಲಾದಿಂದ ಮಿದುಳಿನ ಕಾಂಡದ ಕಡೆ ಹೋಗೋ ಆಜ್ಞೆ ಅದು, ಅಲುಗಾಡದೇ ಇದ್ರೆ ಬೇಟೆಯಾಡೋ ಪ್ರಾಣಿಯ ಕಣ್ಣಿಗೆ ಬೀಳಲ್ಲ ಅಂತ ಲಕ್ಷಾಂತರ ವರ್ಷದಲ್ಲಿ ಬಂದಿರೋ ಏರ್ಪಾಡು. ಲೆಡೂ ಅವರೇ ಇತ್ತೀಚೆಗೆ ಹೇಳ್ತಿರೋದು, ಅಮಿಗ್ಡಲಾ ಮಾಡೋದು ಅಪಾಯಕ್ಕೆ ಮೈಯನ್ನ ಸಜ್ಜು ಮಾಡೋ ಕೆಲಸ, ‘ನನಗೆ ಭಯ ಆಗ್ತಿದೆ’ ಅನ್ನೋ ಅನುಭವ ಮೆದುಳಿನ ಮೇಲಿನ ಭಾಗಗಳಲ್ಲಿ ಆಗೋದು, ಎರಡನ್ನೂ ಒಂದೇ ಅಂದ್ಕೋಬೇಡಿ ಅಂತ. ಕ್ಲಾಸಲ್ಲಿ ನನಗೆ ಈ ಮಾತು ತುಂಬಾ ಉಪಯೋಗಕ್ಕೆ ಬಂತು, ಯಾಕಂದ್ರೆ ‘ಭಯ ಪಡಬೇಡ’ ಅಂತ ಹೇಳೋದು ಮಗುವಿನ ಕೈಯಲ್ಲಿ ಇಲ್ಲದ ಕೆಲಸವನ್ನ ಮಗುವಿಗೆ ಹೇಳಿದಂಗೆ.

ನೆನಪಿನ ವಿಷಯದಲ್ಲೂ ಹೀಗೇ ಎರಡು ಲೆಕ್ಕ ಇದೆ. ಜಿನೀವಾದ ಕ್ಲಾಪರೇಡ್ ಅನ್ನೋ ವೈದ್ಯರು 1911ರಲ್ಲಿ ಒಬ್ಬ ರೋಗಿಯ ಬಗ್ಗೆ ಬರೆದರು. ಆಕೆಗೆ ಹೊಸದು ಯಾವುದೂ ನೆನಪಲ್ಲಿ ನಿಲ್ತಿರಲಿಲ್ಲ, ಡಾಕ್ಟರ್ ದಿನಾ ಬಂದ್ರೂ ದಿನಾ ಹೊಸಬರು. ಒಂದು ಸಲ ಅವರು ಬೆರಳ ಸಂದಿಯಲ್ಲಿ ಗುಂಡುಪಿನ್ನು ಬಚ್ಚಿಟ್ಟುಕೊಂಡು ಕೈ ಕುಲುಕಿದರು. ಆಮೇಲೆ ಭೇಟಿ ಆದಾಗ ಆಕೆಗೆ ಇವರು ಯಾರು ಅಂತ ಗೊತ್ತಿಲ್ಲ, ಪಿನ್ನು ಚುಚ್ಚಿದ್ದೂ ನೆನಪಿಲ್ಲ, ಆದ್ರೆ ಕೈ ಮಾತ್ರ ಕೊಡಲ್ಲ. ಏನು ಎಲ್ಲಿ ಯಾವಾಗ ಅನ್ನೋ ನೆನಪನ್ನ ಹಿಪ್ಪೋಕ್ಯಾಂಪಸ್ ಅನ್ನೋ ಭಾಗ ಇಟ್ಕೊಳುತ್ತೆ, ಬೆಚ್ಚಬೇಕು ಅನ್ನೋ ನೆನಪನ್ನ ಅಮಿಗ್ಡಲಾ ಬೇರೆಯಾಗಿ ಇಟ್ಕೊಳುತ್ತೆ, ಒಂದು ಮರೆತರೂ ಇನ್ನೊಂದು ಮರೆಯಲ್ಲ. ನಮ್ಮ ಮಕ್ಕಳು 2020ರ ಬಗ್ಗೆ ಕೇಳಿದ್ರೆ ಏನೂ ಹೇಳಲ್ಲ, ಸಂಜೆ ಆದ್ರೆ ಅಮ್ಮನ ಸೆರಗು ಮಾತ್ರ ಬಿಡಲ್ಲ.

ಭಯ ಕಲಿಯೋಕೆ ಚಿರತೆ ನಮ್ಮ ಮೇಲೇ ಬೀಳಬೇಕು ಅಂತನೂ ಇಲ್ಲ. ಸೂಸನ್ ಮಿನೆಕಾ ಅನ್ನೋರು ಅಮೆರಿಕದಲ್ಲಿ 1980ರ ದಶಕದಲ್ಲಿ ರೀಸಸ್ ಮಂಗಗಳ ಮೇಲೆ ಮಾಡಿದ ಕೆಲಸ ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳ್ತೀನಿ. ಲ್ಯಾಬಲ್ಲೇ ಹುಟ್ಟಿ ಬೆಳೆದ ಮಂಗಗಳಿಗೆ ಹಾವು ಕಂಡ್ರೆ ಭಯ ಇರಲಿಲ್ಲ, ಕಾಡಲ್ಲಿ ಬೆಳೆದ ಮಂಗ ಹಾವು ನೋಡಿ ಕಿರುಚಿ ಹಾರಿದ್ದನ್ನ ಸ್ವಲ್ಪ ಹೊತ್ತು ನೋಡಿದ್ದಕ್ಕೇ ಇವಕ್ಕೂ ಭಯ ಬಂತು, ತಿಂಗಳುಗಟ್ಟಲೆ ಉಳೀತು. ಹಾಗೆ ಹೆದರಿದ ಮಂಗದ ವಿಡಿಯೋನ ಬದಲಾಯಿಸಿ ಮಂಗ ಹೂವು ನೋಡಿ ಹೆದರ್ತಿರೋ ಹಾಗೆ ತೋರಿಸಿದ್ರೆ ಹೂವಿನ ಭಯ ಬರಲಿಲ್ಲ, ಅಂದ್ರೆ ಹಾವಿನಂಥದ್ದಕ್ಕೆ ಹೆದರೋದನ್ನ ಕಲಿಯೋಕೆ ಮೆದುಳು ಮೊದಲೇ ಅರ್ಧ ತಯಾರಾಗಿರುತ್ತೆ. ಇನ್ನೂ ಮುಖ್ಯವಾದದ್ದು, ಹಾವಿನ ಮುಂದೆ ಆರಾಮಾಗಿ ಇದ್ದ ಮಂಗವನ್ನ ಮೊದಲು ನೋಡಿದ್ದ ಮಂಗಗಳಲ್ಲಿ ಹೆಚ್ಚಿನವಕ್ಕೆ ಆಮೇಲೆ ಹೆದರಿದ ಮಂಗವನ್ನ ತೋರಿಸಿದ್ರೂ ಭಯ ಅಂಟಲಿಲ್ಲ. ಈಗ ನಮ್ಮ ಹಳ್ಳಿ ಗ್ರೂಪುಗಳನ್ನ ನೋಡಿ, ಎಲ್ಲೋ ಬೇರೆ ರಾಜ್ಯದ ಸಿಸಿ ಕ್ಯಾಮೆರಾ ವಿಡಿಯೋನ ‘ನಮ್ಮೂರ ಕೆರೆ ಏರಿ ಮೇಲೆ ಈಗ ತಾನೇ’ ಅಂತ ಹಾಕ್ತಾರೆ, ಅಮ್ಮ ನೋಡಿ ‘ಅಯ್ಯೋ ದೇವ್ರೇ’ ಅಂತ ಚೀರ್ತಾಳೆ, ಮಗು ವಿಡಿಯೋ ನೋಡಲ್ಲ, ಅಮ್ಮನ ಮುಖ ನೋಡುತ್ತೆ. ಆ ವಿಡಿಯೋ ಸುಳ್ಳು ಅಂತ ಮಾರನೇ ದಿನ ಗೊತ್ತಾದ್ರೂ ಮುಖ ನೋಡಿ ಕಲಿತಿದ್ದು ಸುಳ್ಳಾಗಲ್ಲ.

ಇನ್ನು ಆ ಹುಡುಗಿ ಒಂದು ವಾರ ಚೆನ್ನಾಗಿದ್ದು ಆಮೇಲೆ ಬೆಚ್ಚೋಕೆ ಶುರು ಮಾಡಿದಳಲ್ಲ, ಅವರ ಮನೆಯವರು ಇದನ್ನ ನಂಬಲೇ ಇಲ್ಲ, ‘ಅವತ್ತೇ ಹೆದರದೋಳು ಈಗ ಯಾಕೆ ಹೆದರ್ತಾಳೆ, ಸ್ಕೂಲು ತಪ್ಪಿಸೋಕೆ ನಾಟಕ’ ಅಂದ್ರು. ನಾಟಕ ಅಲ್ಲ ಅನ್ನೋಕೆ ದೂರ ಹೋಗಬೇಕಾಗಿಲ್ಲ, ಇಲ್ಲೇ ಬೆಂಗಳೂರಿನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಸುಮಂತ್ರ ಚಟರ್ಜಿ ಅವರ ತಂಡ ಇಲಿಗಳ ಮೇಲೆ ಮಾಡಿದ ಕೆಲಸ ಇದೆ. 2002ರಲ್ಲಿ ಅವರು ತೋರಿಸಿದ್ದು ಏನಪ್ಪಾ ಅಂದ್ರೆ, ಇಲಿಯನ್ನ ದಿನಕ್ಕೆ 2 ಗಂಟೆ ಅಲುಗಾಡದ ಹಾಗೆ ಕಟ್ಟಿಟ್ಟು 10 ದಿನ ಒತ್ತಡ ಕೊಟ್ರೆ ಹಿಪ್ಪೋಕ್ಯಾಂಪಸ್‌ನ ನರಕೋಶಗಳ ಕೊಂಬೆಗಳು ಸೊರಗುತ್ವೆ, ಅದೇ ಅಮಿಗ್ಡಲಾದಲ್ಲಿ ಕೊಂಬೆಗಳು ಬೆಳೀತವೆ. ಅಂದ್ರೆ ಎಲ್ಲಿ ಯಾವಾಗ ಅಂತ ವಿವೇಚನೆ ಮಾಡೋ ಜಾಗ ಸಣ್ಣಗಾಗುತ್ತೆ, ಬೆಚ್ಚೋ ಜಾಗ ಬಲಿಯುತ್ತೆ. 2004ರಲ್ಲಿ ಇನ್ನೊಂದು ನೋಡಿದ್ರು, ಒತ್ತಡ ನಿಲ್ಲಿಸಿ 21 ದಿನ ಆರಾಮಾಗಿ ಬಿಟ್ಟ ಮೇಲೆ ಹಿಪ್ಪೋಕ್ಯಾಂಪಸ್ ಮೊದಲಿನ ಹಾಗಾಯ್ತು, ಅಮಿಗ್ಡಲಾ ಮಾತ್ರ ಹಾಗೇ ಇತ್ತು, ಇಲಿಯ ಆತಂಕನೂ ಹಾಗೇ ಇತ್ತು. 2005ರಲ್ಲಿ ಒಂದೇ ಒಂದು ಸಲ, 2 ಗಂಟೆ ಮಾತ್ರ ಕಟ್ಟಿಟ್ಟರು, ಮಾರನೇ ದಿನ ನೋಡಿದ್ರೆ ಏನೂ ಬದಲಾವಣೆ ಇಲ್ಲ, 10 ದಿನ ಬಿಟ್ಟು ನೋಡಿದ್ರೆ ಅಮಿಗ್ಡಲಾದಲ್ಲಿ ನರಕೋಶಗಳು ಒಂದಕ್ಕೊಂದು ಸಂಪರ್ಕ ಮಾಡೋ ಚಿಕ್ಕ ಮುಳ್ಳುಗಳು ಹೆಚ್ಚಾಗಿವೆ, ಇಲಿ ಆತಂಕದಲ್ಲಿದೆ. ಇಲಿಯ ಲೆಕ್ಕ ನೇರ ಮಗುವಿಗೆ ಹಾಕೋಕಾಗಲ್ಲ ಸರಿ, ಆದ್ರೆ ಘಟನೆ ಆದ ಮೇಲೆ ತಡವಾಗಿ ಶುರುವಾಗೋ ಭಯ ಮನುಷ್ಯರಲ್ಲೂ ಇದೆ ಅಂತ ಮನೋವೈದ್ಯರು ಹೇಳ್ತಾರೆ. ಇದನ್ನ ಆ ತಾಯಿಗೆ ಚಿತ್ರ ಬರೆದು ತೋರಿಸಿದೆ. ಆಕೆ ಸುಮಾರು ಹೊತ್ತು ಸುಮ್ಮನೆ ಇದ್ದು, ‘ಹಂಗಾದ್ರೆ ನನ್ ಮಗಳು ಸುಳ್ಳು ಹೇಳ್ತಿಲ್ಲ ಅಲ್ವಾ ಮೇಡಂ’ ಅಂದ್ರು. ಅವರಿಗೆ ಬೇಕಾಗಿದ್ದದ್ದು ಆ ಒಂದು ಮಾತು.

ನಮ್ಮ ಕಡೆ ಮಗು ಬೆಚ್ಚಿದ್ರೆ ಮೊದಲು ಮಾಡೋದು ಗೊತ್ತೇ ಇದೆ, ದೃಷ್ಟಿ ತೆಗೀತಾರೆ, ತಡೆ ಒಡೆಸ್ತಾರೆ, ಯಂತ್ರ ಕಟ್ಟಿಸ್ತಾರೆ. ನಾನು ಇದನ್ನ ಗೇಲಿ ಮಾಡೋಳಲ್ಲ. ಅಜ್ಜಿ ಪಕ್ಕ ಕೂರಿಸಿಕೊಂಡು ತಲೆ ಸವರಿ ಉಪ್ಪು ಮೆಣಸಿನಕಾಯಿ ಇಳಿ ತೆಗೆಯುವಾಗ ಮಗುವಿಗೆ ತನ್ನವರು ಇದ್ದಾರೆ ಅನ್ನೋ ಸಮಾಧಾನ ಸಿಗುತ್ತೆ, ಅದು ದೊಡ್ಡದೇ. ತೊಂದರೆ ಎಲ್ಲಿ ಅಂದ್ರೆ, ಯಂತ್ರ ಇರೋದ್ರಿಂದ ಮಾತ್ರ ನನಗೆ ಏನೂ ಆಗಲಿಲ್ಲ ಅಂತ ಮಗು ಲೆಕ್ಕ ಹಾಕ್ಕೊಂಡ್ರೆ ಆ ಜಾಗ, ಆ ಸದ್ದು ಅಪಾಯ ಅಲ್ಲ ಅನ್ನೋದನ್ನ ಮೆದುಳು ಕಲಿಯೋದೇ ಇಲ್ಲ, ಸ್ನಾನ ಮಾಡುವಾಗ ದಾರ ಬಿಚ್ಚಿದ್ರೆ ಮತ್ತೆ ನಡುಕ. ಇನ್ನು ಕೆಲವರು ಬೈದು ಹೊಡೆದು ಕತ್ತಲೆ ಕೋಣೆಗೆ ತಳ್ಳಿ ‘ಧೈರ್ಯ ಬರಲಿ’ ಅಂತಾರೆ, ಇದಕ್ಕಿಂತ ಕೆಟ್ಟದ್ದು ಇಲ್ಲ, ದಯವಿಟ್ಟು ಯಾರೂ ಮಾಡಬೇಡಿ, ಅದು ಎರಡನೇ ಆಘಾತ ಅಷ್ಟೇ. ಈ ಹುಡುಗಿಯನ್ನ ಒಂದು ಕ್ಲಿನಿಕ್ಕಿಗೆ ಕರ್ಕೊಂಡು ಹೋದಾಗ ಎರಡು ನಿಮಿಷ ನೋಡಿ ನಿದ್ದೆ ಬರೋ ಮಾತ್ರೆ ಬರೆದುಕೊಟ್ಟು ಕಳಿಸಿದರು. ಮಗು ಕ್ಲಾಸಲ್ಲಿ ತೂಕಡಿಸ್ತಿತ್ತು, ಎಚ್ಚರ ಆದ್ರೆ ಭಯ ಅಲ್ಲೇ ಇತ್ತು. ಆಲ್‌ಪ್ರಝೋಲಾಮ್ ಗುಂಪಿನ ಮಾತ್ರೆಗಳು ಆ ಗಳಿಗೆಗೆ ಆತಂಕ ಇಳಿಸುತ್ವೆ, ಅಭ್ಯಾಸ ಆಗೋ ಅಪಾಯನೂ ಇದೆ, ಆಘಾತದ ನಂತರದ ಭಯಕ್ಕೆ ಅವು ಚಿಕಿತ್ಸೆ ಅಲ್ಲ ಅಂತ ವೈದ್ಯಕೀಯ ಮಾರ್ಗಸೂಚಿಗಳೇ ಹೇಳುತ್ವೆ. ದೊಡ್ಡವರಿಗೆ ಸರ್ಟ್ರಲಿನ್ ಥರದ ಬೇರೆ ಔಷಧಿ ಮನೋವೈದ್ಯರು ನೋಡಿ ಕೊಡ್ತಾರೆ, ಅದು ಬೇರೆ ಮಾತು.

ಹಾಗಾದ್ರೆ ಯಾವುದರಿಂದ ಕಡಿಮೆ ಆಗುತ್ತೆ? ಇದಕ್ಕೆ ಉತ್ತರ 1924ರಲ್ಲೇ ಸಿಕ್ಕಿತ್ತು. ಮೇರಿ ಕವರ್ ಜೋನ್ಸ್ ಅನ್ನೋ ಮಹಿಳೆ ಮೊಲ ಕಂಡ್ರೆ ಹೆದರೋ ಪೀಟರ್ ಅನ್ನೋ ಪುಟ್ಟ ಹುಡುಗನಿಗೆ ಇಷ್ಟವಾದ ತಿಂಡಿ ಕೊಟ್ಟು, ಅವನು ತಿನ್ನೋ ಹೊತ್ತಲ್ಲಿ ಪಂಜರದ ಮೊಲವನ್ನ ಕೋಣೆಯ ಆ ಮೂಲೆಯಿಂದ ದಿನ ದಿನ ಸ್ವಲ್ಪ ಸ್ವಲ್ಪ ಹತ್ತಿರ ತಂದರು, ಮೊಲದ ಜೊತೆ ಆಡೋ ಬೇರೆ ಮಕ್ಕಳನ್ನೂ ಪಕ್ಕದಲ್ಲಿ ಬಿಟ್ಟರು. ನಡುವೆ ಪೀಟರ್‌ಗೆ ಜ್ವರ ಬಂದು ಆಸ್ಪತ್ರೆ ಸೇರಿದ, ವಾಪಸ್ ಬರುವಾಗ ದೊಡ್ಡ ನಾಯಿಯೊಂದು ಮೇಲೆ ಹಾರಿ ಹೆದರಿಸಿತು, ಮೊಲದ ಭಯವೂ ಮತ್ತೆ ಮೊದಲಿನಷ್ಟೇ ಆಯ್ತು. ಅವರು ಬೇಜಾರು ಮಾಡ್ಕೊಳ್ಳದೆ ಮತ್ತೆ ಶುರು ಮಾಡಿದರು, ಕೊನೆಗೆ ಹುಡುಗ ಮೊಲವನ್ನ ಮಡಿಲಲ್ಲಿ ಇಟ್ಕೊಂಡ. ವಾಟ್ಸನ್ ಹೆಸರು ಎಲ್ಲಾ ಪುಸ್ತಕದಲ್ಲೂ ಇರುತ್ತೆ, ಈ ತಾಯಿಯ ಹೆಸರು ಗೊತ್ತಿರೋರು ಕಡಿಮೆ, ನನಗೆ ಮಾತ್ರ ಇವರೇ ದೊಡ್ಡವರು. ಇವತ್ತು ಮನೋವೈದ್ಯರು ಎಕ್ಸ್‌ಪೋಷರ್ ಥೆರಪಿ ಅಂತ ಮಾಡೋದರ ಬೇರು ಇದೇ.

ಆಗ ಭಯ ಮರಳಿ ಬಂದದ್ದು ಯಾಕೆ ಅಂತ ಈಗ ಚೆನ್ನಾಗಿ ಗೊತ್ತಾಗಿದೆ. ಹಳೇ ಭಯ ಅಳಿಸಿಹೋಗಲ್ಲ. ಗೋಡೆ ಮೇಲಿನ ಹಳೇ ಎಲೆಕ್ಷನ್ ಬರಹಕ್ಕೆ ಸುಣ್ಣ ಹೊಡೆದಂಗೆ, ಮಳೆ ಬಿದ್ದು ನೆನೆದರೆ ಅಕ್ಷರ ಮತ್ತೆ ಕಾಣುತ್ತೆ. ತಗಡಿನ ಸದ್ದು ಬಂತು ಏನೂ ಆಗಲಿಲ್ಲ, ಮತ್ತೆ ಬಂತು ಏನೂ ಆಗಲಿಲ್ಲ, ಹೀಗೆ ಮೆದುಳು ಎರಡನೇ ಒಂದು ಪಾಠ ಕಲಿಯುತ್ತೆ, ಹಣೆಯ ಹಿಂದೆ ಇರೋ ಪ್ರಿಫ್ರಂಟಲ್ ಕಾರ್ಟೆಕ್ಸ್ ಆ ಪಾಠ ಇಟ್ಕೊಂಡು ಅಮಿಗ್ಡಲಾವನ್ನ ಹಿಡಿದಿಡುತ್ತೆ. ಮಾರ್ಕ್ ಬೌಟನ್ ಅನ್ನೋರು ವರ್ಷಗಟ್ಟಲೆ ಇಲಿಗಳಲ್ಲಿ ತೋರಿಸಿದ್ದು, ಈ ಎರಡನೇ ಪಾಠ ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತೆ, ಜಾಗ ಬದಲಾದ್ರೆ, ದಿನ ಕಳೆದ್ರೆ, ಹೊಸದಾಗಿ ಒಂದು ಹೊಡೆತ ಬಿದ್ದರೆ ಹಳೇದು ಮೇಲೆ ಬರುತ್ತೆ. ಆದ್ದರಿಂದ ಒಂದು ಕಡೆ ಕಲಿಸಿದ್ರೆ ಸಾಲದು, ಭಯ ಎಲ್ಲೆಲ್ಲಿದೆಯೋ ಅಲ್ಲೆಲ್ಲಾ ಕಲಿಸಬೇಕು, ಆಗಾಗ ಮತ್ತೆ ಕಲಿಸಬೇಕು.

ನಮ್ಮ ಹುಡುಗಿಗೆ ಹಾಗೇ ಮಾಡಿದ್ದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಅವರ ತಾಯಿಯ ಫೋನಿಂದಲೇ ಕಾಲ್ ಮಾಡಿಸಿದೆ, ಕನ್ನಡದಲ್ಲೇ ಮಾತಾಡಿದರು, ದುಡ್ಡಿಲ್ಲ ಕಾಸಿಲ್ಲ. ಅವರು ಹೇಳಿದ ಮೇಲೆ ತುಮಕೂರಿಗೆ ಹೋಗಿ ಮನಶ್ಶಾಸ್ತ್ರಜ್ಞರನ್ನ ನೋಡಿ ಬಂದ್ರು, ಆ ಮೇಡಂ ಏನು ಮಾಡಬೇಕು ಅಂತ ಮನೆಯವರಿಗೂ ನನಗೂ ಹೇಳಿಕೊಟ್ಟರು. ಮೊದಲು ನಮ್ಮ ಸ್ಕೂಲಿನ ಲ್ಯಾಬಲ್ಲಿ, ಅವಳ ಇಬ್ಬರು ಗೆಳತಿಯರ ಜೊತೆ, ಮೊಬೈಲಲ್ಲಿ ರೆಕಾರ್ಡ್ ಮಾಡಿದ ತಗಡಿನ ಸದ್ದು ತೀರಾ ಸಣ್ಣಗೆ. ಭಯ ಹತ್ತರಲ್ಲಿ ಎಷ್ಟು ಅಂತ ಅವಳೇ ನಂಬರ್ ಹೇಳೋದು, ಇಳಿಯೋವರೆಗೂ ಕಾಯೋದು, ಅವಳು ಸರಿ ಅಂದ ಮೇಲೇ ಸೌಂಡು ಜಾಸ್ತಿ ಮಾಡೋದು. ಆಮೇಲೆ ನಿಜವಾದ ತಗಡಿನ ತುಂಡು ತಂದು ಅವಳ ಕೈಗೇ ಕೊಟ್ವಿ, ಮೊದಲು ಬೆರಳಲ್ಲಿ ಟಕ್ ಟಕ್ ಅನ್ನಿಸಿದಳು, ಒಂದು ದಿನ ಸ್ಕೇಲ್ ತಗೊಂಡು ಬಾರಿಸಿ ತಾನೇ ನಕ್ಕಳು, ಗೆಳತಿಯರು ತಾಳ ಹಾಕಿದ್ರು. ಸ್ಕೂಲಲ್ಲಿ ಪೂರ್ತಿ ಸರಿ ಹೋದಳು, ಮನೆಗೆ ಹೋದ್ರೆ ಕೊಟ್ಟಿಗೆ ಕಡೆ ತಲೆ ಹಾಕಲ್ಲ. ಆಗ ಅವರಮ್ಮ ಹಗಲಲ್ಲಿ ಕೊಟ್ಟಿಗೆಯಲ್ಲಿ ಜೊತೆಗೆ ಕೂತು ಹಾಲು ಕರೆಯೋದು ಕಲಿಸಿದರು, ಆಮೇಲೆ ಸಂಜೆ, ಆಮೇಲೆ ಕತ್ತಲಾದ ಮೇಲೆ ಟಾರ್ಚ್ ಹಿಡಿದು ಇಬ್ಬರೂ. ಎಷ್ಟೋ ತಿಂಗಳು ಹಿಡೀತು. ಹೋದ ವಾರ ನಿಮ್ಮ ಪತ್ರಿಕೆಯ ಆ ಫೋಟೋ, ಹಲ್ಲು ಕಿಸಿದು ಬೋನಿನ ಸರಳು ಕಚ್ಚಿರೋ ಚಿರತೆ, ಸ್ಕೂಲಿನ ನೋಟಿಸ್ ಬೋರ್ಡಲ್ಲಿ ಯಾರೋ ಅಂಟಿಸಿದ್ರು, ಅವತ್ತು ಸಂಜೆ ಅವಳು ಮತ್ತೆ ಕೊಟ್ಟಿಗೆಗೆ ಹೋಗಲಿಲ್ಲ. ಈ ಸಲ ತಾಯಿ ಬೈಯಲಿಲ್ಲ, ಮತ್ತೆ ಹಗಲಿನ ಹೆಜ್ಜೆಯಿಂದ ಶುರು ಮಾಡಿದ್ದಾರೆ.

ಯೂಟ್ಯೂಬಲ್ಲಿ ‘ಕೆಟ್ಟ ನೆನಪು ಅಳಿಸೋ ಮಾತ್ರೆ ಬಂದಿದೆ’ ಅನ್ನೋ ವಿಡಿಯೋ ನೋಡಿ ಪೋಷಕರು ಕೇಳ್ತಾರೆ, ಅದಕ್ಕೂ ಒಂದು ಮಾತು. 2000ರಲ್ಲಿ ಕರೀಮ್ ನಾದೆರ್, ಲೆಡೂ ಮತ್ತವರ ಜೊತೆಗಾರರು ಇಲಿಗಳಲ್ಲಿ ತೋರಿಸಿದ್ದು, ಹಳೇ ಭಯದ ನೆನಪನ್ನ ಒಮ್ಮೆ ಎಬ್ಬಿಸಿದ್ರೆ ಅದು ಸ್ವಲ್ಪ ಗಂಟೆ ಸಡಿಲ ಆಗುತ್ತೆ, ಆ ಹೊತ್ತಲ್ಲಿ ಅಮಿಗ್ಡಲಾಗೆ ಪ್ರೋಟೀನ್ ತಯಾರಿ ತಡೆಯೋ ಔಷಧಿ ಹಾಕಿದ್ರೆ ನೆನಪು ಮತ್ತೆ ಗಟ್ಟಿ ಆಗಲ್ಲ. ಆ ಔಷಧಿ ಮನುಷ್ಯರಿಗೆ ಕೊಡೋ ಹಾಗಿಲ್ಲ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮೆರೆಲ್ ಕಿಂಡ್ಟ್ ತಂಡ ಬಿಪಿಗೆ ಕೊಡೋ ಪ್ರೊಪ್ರನಲಾಲ್ ಮಾತ್ರೆಯಿಂದ ಮನುಷ್ಯರಲ್ಲೂ ಭಯ ಇಳಿಸಬಹುದು ಅಂತ ಹೇಳಿತು, ಆಮೇಲೆ ಬೇರೆಯವರು ಮಾಡಿ ನೋಡಿದಾಗ ಕೆಲವರಿಗೆ ಅದೇ ಫಲಿತಾಂಶ ಬಂತು ಕೆಲವರಿಗೆ ಬರಲಿಲ್ಲ. ಇದು ಇನ್ನೂ ಸಂಶೋಧನೆ. ಮೆಡಿಕಲ್ ಶಾಪಲ್ಲಿ ಕೇಳಿ ತಂದು ಮಕ್ಕಳಿಗೆ ನುಂಗಿಸಬೇಡಿ, ಉಬ್ಬಸ ಇರೋ ಮಗುವಿಗೆ ಅದು ತುಂಬಾ ಅಪಾಯ.

ಭಯವನ್ನ ಪೂರ್ತಿ ತೆಗೀಬೇಕು ಅಂತಾನೂ ನಾನು ಹೇಳ್ತಿಲ್ಲ. ಅಮೆರಿಕದಲ್ಲಿ ಎಸ್.ಎಂ. ಅಂತ ಮಾತ್ರ ಕರೆಯೋ ಒಬ್ಬ ಮಹಿಳೆ ಇದ್ದಾರೆ, ಅಪರೂಪದ ಕಾಯಿಲೆಯಿಂದ ಎರಡೂ ಕಡೆಯ ಅಮಿಗ್ಡಲಾ ಹಾಳಾಗಿದೆ, ಹಾವು ಕಂಡ್ರೆ ಮುಟ್ಟೋಕೆ ಹೋಗ್ತಾರೆ, ಚಾಕು ತೋರಿಸಿ ಬೆದರಿಸಿದವನ ಜಾಗಕ್ಕೆ ಮಾರನೇ ದಿನ ಮತ್ತೆ ನಡ್ಕೊಂಡು ಹೋಗ್ತಾರೆ. ನಮ್ಮ ಮಕ್ಕಳು ಹಾಗೆ ಆಗೋದು ಯಾರಿಗೂ ಬೇಡ. ಚಿರತೆ ನಮ್ಮ ಕಡೆ ನಿಜವಾಗಿ ಇದೆ. ಸಂಜೆ ಮೇಲೆ ಚಿಕ್ಕ ಮಕ್ಕಳನ್ನ ಒಂಟಿಯಾಗಿ ಹಿತ್ತಲಿಗೆ ಬಿಡಬಾರದು, ಗುಂಪಲ್ಲಿ ಹೋಗಬೇಕು, ಟಾರ್ಚ್ ಇರಬೇಕು, ಮನೆ ಪಕ್ಕದ ಲಂಟಾನ ಪೊದೆ ಕಡಿಯಬೇಕು, ಅದೆಲ್ಲಾ ಬೇಕಾದ ಎಚ್ಚರ. ಮಧ್ಯಾಹ್ನ ಕ್ಲಾಸಲ್ಲಿ ಕೂತು ಮೈ ತಣ್ಣಗಾಗೋದು ಎಚ್ಚರ ಅಲ್ಲ.

ದೊಡ್ಡವರ ಪಾಡೂ ಇದೇ, ಹೇಳ್ಕೊಳ್ಳಲ್ಲ ಅಷ್ಟೇ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ರಾತ್ರಿ ಹೊತ್ತು ಕೊಟ್ರೆ ಮೋಟಾರ್ ಹಾಕೋಕೆ ಅಡಿಕೆ ತೋಟದೊಳಗೆ ಒಬ್ಬನೇ ಹೋಗಬೇಕು, ಎಷ್ಟೋ ಜನ ಧೈರ್ಯಕ್ಕೆ ಅಂತ ಕುಡಿದು ಹೋಗೋದು ಅಭ್ಯಾಸ ಆಗಿದೆ. ಮಗುವಿಗೆ ಭಯ ಬಿಡಿಸೋಕೆ ಹೋದ್ರೆ ಅಪ್ಪನ ಕೈ ನಡುಗ್ತಿರುತ್ತೆ. ಚಿರತೆ ಓಡಾಡೋ ಹಳ್ಳಿಗಳಿಗಾದ್ರೂ ಹಗಲು ಕರೆಂಟ್ ಕೊಡಿ ಅಂತ ರೈತರು ಕೇಳ್ತಾನೇ ಇದ್ದಾರೆ, ಅದು ಮನಸ್ಸಿನ ಆರೋಗ್ಯದ ಬೇಡಿಕೆನೂ ಹೌದು ಅಂತ ನಾನು ಸೇರಿಸ್ತೀನಿ.

ಸರ್ಕಾರದ ಹತ್ರ ಏರ್ಪಾಡು ಇಲ್ಲ ಅಂತಲ್ಲ. ಹಳ್ಳಿ ಮಟ್ಟಕ್ಕೆ ಮನೋವೈದ್ಯ ಸೇವೆ ತಗೊಂಡು ಹೋಗೋ ಕೆಲಸ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದು, ಅದನ್ನ ನೋಡ್ಕೊಂಡೇ 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು. ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋ ಮನೋಚೈತನ್ಯ ಕಾರ್ಯಕ್ರಮ ರಾಜ್ಯದ್ದೇ ಇದೆ. ಟೆಲಿ ಮಾನಸ್ 2022ರ ಅಕ್ಟೋಬರ್ 10ರಿಂದ ಇದೆ. ಆದ್ರೆ ಚಿರತೆ ಬಂದ ಊರಿಗೆ ಬೋನು ಬರುತ್ತೆ, ಪರಿಹಾರದ ಅರ್ಜಿ ಬರುತ್ತೆ, ಮೇಕೆಗೆ ಇಷ್ಟು ಹಸುವಿಗೆ ಇಷ್ಟು ಅಂತ ಲೆಕ್ಕ ಬರುತ್ತೆ, ಮಕ್ಕಳನ್ನ ಮಾತಾಡಿಸೋಕೆ ಯಾರೂ ಬರಲ್ಲ. ಘಟನೆ ಆದ ಊರಿಗೆ ಅರಣ್ಯ ಇಲಾಖೆಯವರ ಜೊತೆ ಆರೋಗ್ಯ ಇಲಾಖೆಯಿಂದ ಒಬ್ಬ ಆಪ್ತಸಮಾಲೋಚಕರು ಬರಲಿ, ಮಾರನೇ ದಿನ ಬಂದು ಹೋದ್ರೆ ಸಾಲದು, ಎರಡು ವಾರ ಬಿಟ್ಟು ಮತ್ತೆ ಬರಲಿ, ಯಾಕೆ ಅಂತ ಮೇಲೆ ಇಲಿಗಳ ವಿಷಯದಲ್ಲಿ ಹೇಳಿದ್ದೀನಿ. ಆಶಾ ಕಾರ್ಯಕರ್ತೆಯರಿಗೆ, ನಮ್ಮಂಥ ಟೀಚರ್‌ಗಳಿಗೆ ಬೆಚ್ಚಿದ ಮಗುವನ್ನ ಗುರುತಿಸೋದು ಹೇಗೆ, ಏನು ಮಾಡಬಾರದು, ಯಾವಾಗ ಡಾಕ್ಟರ್ ಹತ್ರ ಕಳಿಸಬೇಕು ಅಂತ ಒಂದು ದಿನದ ತರಬೇತಿ ಕೊಡಿ, ನಾವು ಬರ್ತೀವಿ, ಭಾನುವಾರ ಆದ್ರೂ ಬರ್ತೀವಿ.

ನಿಮ್ಮನ್ನೂ ಒಂದು ಕೇಳ್ತೀನಿ ಸಂಪಾದಕರೇ. 2001ರ ಸೆಪ್ಟೆಂಬರ್ ದಾಳಿ ಆದ ಮೇಲೆ ಅಮೆರಿಕದಲ್ಲಿ ಸರ್ವೆ ಮಾಡಿದಾಗ ಟಿವಿಯಲ್ಲಿ ಆ ದೃಶ್ಯ ಹೆಚ್ಚು ಹೊತ್ತು ನೋಡಿದ ಮಕ್ಕಳಲ್ಲಿ ಒತ್ತಡದ ಲಕ್ಷಣಗಳು ಹೆಚ್ಚಿದ್ವು, ಘಟನೆ ನಡೆದ ಊರಿಂದ ಎಷ್ಟೋ ದೂರ ಇದ್ದ ಮಕ್ಕಳು ಅವರು. ಚಿರತೆ ಸುದ್ದಿ ಹಾಕಬೇಡಿ ಅನ್ನಲ್ಲ, ಹಾಕಲೇಬೇಕು, ಜನರಿಗೆ ಗೊತ್ತಾಗಬೇಕು. ಆ ಹಲ್ಲು ಕಿಸಿದ ಫೋಟೋ ಮಾತ್ರ ಬೇಡ, ಬೋನು ಇಟ್ಟಿರೋ ಜಾಗ, ಊರಿನ ಹೆಸರು, ಅರಣ್ಯ ಇಲಾಖೆಗೆ ತಿಳಿಸೋಕೆ ನಂಬರ್ ಇಷ್ಟು ಸಾಕು. ಅದರ ಕೆಳಗೆ ಒಂದು ಚಿಕ್ಕ ಬಾಕ್ಸಲ್ಲಿ ‘ಮಕ್ಕಳು ಬೆಚ್ಚಿದ್ದರೆ, ನಿದ್ದೆ ಬಿಟ್ಟಿದ್ದರೆ, ಸ್ಕೂಲಿಗೆ ಹೋಗಲು ಹೆದರುತ್ತಿದ್ದರೆ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲಿ’ ಅಂತ ಪ್ರತಿ ಸಲ ಹಾಕಿ. ಮುಂದಿನ ಚಿರತೆ ಸುದ್ದಿಯಿಂದಲೇ ಶುರು ಮಾಡಿ ಅಂತ ಕೈ ಮುಗಿದು ಕೇಳ್ತೀನಿ.

ಇಂತಿ ತಮ್ಮ ಓದುಗಳು,
ಒಬ್ಬ ವಿಜ್ಞಾನ ಶಿಕ್ಷಕಿ, ತುಮಕೂರು ತಾಲ್ಲೂಕು